ಆಯಿಲ್ ಚೇಂಬರಿಗೆ ಕಿವಿ ಬಂದದ್ದು

ಕನ್ನಡದಲ್ಲಿ ಯಾರೂ ನಂಬದ ಪದ ಒಂದಿದ್ದರೆ ಅದು 'ಸಾಕು'. ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದು 'ಸಾಕು' ಎಂದರೆ, ಬಡಿಸುವವರು ಅದನ್ನು 'ಇನ್ನೊಂದು ಸೌಟು ಹಾಕಿ, ಆದರೆ ನಾನೇ ಕೇಳಿದೆ ಅಂತ ಯಾರಿಗೂ ಹೇಳಬೇಡಿ' ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಅದರಲ್ಲೂ ನಮ್ಮ ಅತ್ತೆಯವರಿಗೆ ಈ ಪದ ಕಿವಿಗೆ ಬೀಳುವುದೇ ಇಲ್ಲ. ಅವರು ಹುಟ್ಟಿ ಬೆಳೆದದ್ದು ಗೌನಿಪಲ್ಲಿ ಕಡೆ, ಆಂಧ್ರದ ಗಡಿಯ ಪಕ್ಕ. ಮದುವೆಯಾಗಿ ಮುಳಬಾಗಿಲಿಗೆ ಬಂದು ಮೊಮ್ಮಕ್ಕಳನ್ನು ಕಂಡರೂ ಅವರ ಕನ್ನಡ ನೆಂಟರಿಗೆ, ತೆಲುಗು ಮನೆಯವರಿಗೆ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ನಿಯಮ ತಾನಾಗಿಯೇ ಬಂದುಬಿಟ್ಟಿದೆ. ಕನ್ನಡದಲ್ಲಿ 'ಸಾಕು' ಎಂದರೆ ಅದು ಬರೀ ಸಂಕೋಚ. ಅತ್ತೆ ಇನ್ನಷ್ಟು ಬಡಿಸುತ್ತಾರೆ. ತೆಲುಗಿನಲ್ಲಿ 'ಚಾಲು' ಎಂದರೆ ಮಾತ್ರ ನಿಜವಾಗಿಯೂ ಸಾಕು, ಸೌಟು ನಿಲ್ಲುತ್ತದೆ. ಇದು ಗೊತ್ತಿಲ್ಲದ ಎಷ್ಟೋ ನೆಂಟರು ನಮ್ಮ ಮನೆಯಿಂದ ಬೆಲ್ಟು ಸಡಿಲಿಸಿಕೊಂಡು ಹೋಗಿದ್ದಾರೆ. ಇದನ್ನು ನೀವು ಊಟದ ವಿಷಯ ಎಂದುಕೊಂಡಿದ್ದರೆ ತಪ್ಪು. ನಾನು ಹೇಳಹೊರಟಿರುವುದು ನನ್ನ ಕಾರಿನ ವಿಷಯ.

ಕಾರು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗ್ಯಾರೇಜಿಗೆ ಹೋದಾಗಲೆಲ್ಲ ಎಲ್ಲರೂ ನನ್ನ ಪಕ್ಕದಲ್ಲಿ ನಿಂತಿರುವ ನಮ್ಮ ಯಜಮಾನರ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಅವರು ಅಂಗಡಿಯವರಿಗೆ ಲೆಕ್ಕ ಬರೆದುಕೊಡುವವರು. ಕಾರಿನ ಬಗ್ಗೆ ಅವರಿಗೆ ಗೊತ್ತಿರುವುದು ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದಷ್ಟೇ. ಕೆಲವು ಸಲ ಅದೂ ಮರೆತುಹೋಗಿ ಕಿಟಕಿ ಇಳಿಸುವ ಹಿಡಿಯನ್ನು ತಿರುಗಿಸುತ್ತಾ ಕೂತಿರುತ್ತಾರೆ. ಈ ಅಂಬಾಸಿಡರ್ ನನ್ನ ಅಪ್ಪನದು. ಅಪ್ಪ ಕೋಲಾರದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದರು. ಹಿಂದಿನ ಸೀಟು ಕಳಚಿಟ್ಟು, ಗೂಡಿನ ಮೂಟೆ ತುಂಬಿ, ಅದರ ಮೇಲೆ ನನ್ನನ್ನು ಕೂರಿಸಿಕೊಂಡು ಊರೂರು ಸುತ್ತುತ್ತಿದ್ದರು. ಈಗಲೂ ಮಳೆ ಬಂದ ದಿನ ಡಿಕ್ಕಿ ತೆರೆದರೆ ಒಳಗಿನಿಂದ ಗೂಡಿನ ವಾಸನೆ ಬರುತ್ತದೆ. ನಮ್ಮ ಶಾಲೆಯ ಟೀಚರುಗಳು ಮೂಗಿಗೆ ಸೆರಗು ಹಿಡಿದುಕೊಳ್ಳುತ್ತಾರೆ. ನನಗೆ ಮಾತ್ರ ಅದು ಅಪ್ಪನ ವಾಸನೆ, ಇನ್ನೊಂದು ಸಲ ಉಸಿರೆಳೆದುಕೊಂಡೇ ಡಿಕ್ಕಿ ಮುಚ್ಚುತ್ತೇನೆ. ಆ ಕಾರೆಂದರೆ ನನಗೆ ಪ್ರಾಣ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಹೆಂಗಸಿಗೆ ಇಂಥ ಹುಚ್ಚು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಕಾರಿನ ಮೈ ಗಟ್ಟಿಯಾಗಿತ್ತು, ಎಂಜಿನ್ ಮಾತ್ರ ಕೈಕೊಟ್ಟಿತು. ನಮ್ಮೂರಿನ ಮೆಕ್ಯಾನಿಕ್ ಚಲಪತಿ ಬಂದು ನೋಡಿ, ಯಜಮಾನರ ಮುಖ ನೋಡಿಕೊಂಡು, "ಇದು ಆಗೋಯ್ತು ಮೇಡಂ" ಅಂದ. ಚಲಪತಿಯ ವಿಷಯ ಒಂದು ಮಾತು ಹೇಳಬೇಕು. ಅವನು ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮುಂಚೆ ಒಂದು ಭಾಷಣ ಮಾಡುತ್ತಾನೆ, ಕೆಲಸ ಮುಗಿದ ಮೇಲೆ ಇನ್ನೊಂದು ಮಾಡುತ್ತಾನೆ, ಕೆಲಸ ಕೆಟ್ಟರೆ ಎರಡನ್ನೂ ಸೇರಿಸಿ ಮಾಡುತ್ತಾನೆ. ಎಲ್ಲಿಂದಲೋ ಒಂದು ಗೂಡ್ಸ್ ಗಾಡಿಯ ಡೀಸೆಲ್ ಎಂಜಿನ್ ತಂದು, "ಆನೆ ಶಕ್ತಿ ಮೇಡಂ ಇದಕ್ಕೆ, ನಂದಿಬೆಟ್ಟ ಹಿಂದುಹಿಂದಕ್ಕೇ ಹತ್ತುತ್ತೆ" ಅಂದ. ಆನೆಯನ್ನು ಇಳಿಸಲು ಹೋದಾಗ ತಳ ತಾಗಿತು. ಎಂಜಿನ್ನಿನ ಹೊಟ್ಟೆಯ ಕೆಳಗೆ ಎಣ್ಣೆ ನಿಲ್ಲುವ ಒಂದು ತಗಡಿನ ಬೋಗುಣಿ ಇರುತ್ತದೆ, ಗ್ಯಾರೇಜಿನವರು ಅದಕ್ಕೆ ಆಯಿಲ್ ಚೇಂಬರ್ ಅನ್ನುತ್ತಾರೆ. ನಮ್ಮ ಕಾರಿನ ಮುಂದಿನ ಎರಡು ಚಕ್ರಗಳ ನಡುವೆ ಒಂದು ಕಬ್ಬಿಣದ ತೊಲೆ ಅಡ್ಡಲಾಗಿದೆ. ಚೇಂಬರು ಹೋಗಿ ಆ ತೊಲೆಯ ಮೇಲೆ ಕೂತುಬಿಟ್ಟಿತು. ಎಂಜಿನ್ ಎತ್ತರಿಸಿದರೆ ಬಾನೆಟ್ ಮುಚ್ಚುವುದಿಲ್ಲ, ಇಳಿಸಿದರೆ ತೊಲೆ ಬಿಡುವುದಿಲ್ಲ. ಚಲಪತಿ ಯೋಚನೆ ಮಾಡಿ, ಚೇಂಬರಿನ ತಳವನ್ನು ಕತ್ತರಿಸಿ, ಗಿಡ್ಡ ಮಾಡಿ, ಬೆಸುಗೆ ಹಾಕಿ ಕೂರಿಸಿದ. "ಒಂಚೂರು ಕಟ್ ಮಾಡಿದೀನಿ ಮೇಡಂ, ಗೊತ್ತೇ ಆಗಲ್ಲ" ಅಂದ. ಪಾತ್ರೆಯ ಎತ್ತರ ಕಡಿಮೆಯಾದರೆ ಹಿಡಿಯುವುದೂ ಕಡಿಮೆಯಾಗುತ್ತದೆ ಎಂದು ಮಕ್ಕಳಿಗೆ ಕೋಲು ತೋರಿಸಿ ಕಲಿಸುವ ನಾನು, ಎಂಜಿನ್ ಗುರ್ ಎಂದ ಸಂತೋಷದಲ್ಲಿ ತಲೆಯಾಡಿಸಿಬಿಟ್ಟೆ.

ಗೊತ್ತಾಗದೆ ಇರಲಿಲ್ಲ. ನಮ್ಮ ಬೀದಿಯಿಂದ ಹೊರಟು ಶಾಲೆಯ ಕಡೆ ಬಲಕ್ಕೆ ತಿರುಗಿದೆ ನೋಡಿ, ಸ್ಟೇರಿಂಗ್ ಹಿಂದೆ ಒಂದು ಕೆಂಪು ದೀಪ ಹತ್ತಿತು. ನೇರಕ್ಕೆ ಬಂದಾಗ ಆರಿತು. ಮತ್ತೆ ಬಲಕ್ಕೆ ತಿರುಗಿದಾಗ ಮತ್ತೆ ಹತ್ತಿತು. ಅದು ಎಂಜಿನ್ನಿಗೆ ಎಣ್ಣೆ ಸಿಗುತ್ತಿಲ್ಲ ಎಂದು ಹೇಳುವ ದೀಪ. ಚಲಪತಿಯನ್ನು ಕರೆಸಿದೆ. ಬಲಕ್ಕೆ ತಿರುಗಿದಾಗ ಚೇಂಬರಿನ ಎಣ್ಣೆಯೆಲ್ಲ ಎಡಕ್ಕೆ ಓಡಿಹೋಗುತ್ತದೆ, ಹೀರುವ ಕೊಳವೆ ಬಲಗಡೆ ಇದೆ, ಅದಕ್ಕೆ ಗಾಳಿ ಮಾತ್ರ ಸಿಗುತ್ತದೆ ಎಂದು ಅವನು ಕೈ ಬಾಯಿ ತಿರುಗಿಸಿ ವಿವರಿಸಿದ. "ಮುಂಚೆ ಚೇಂಬರ್ ತುಂಬಾ ಎಣ್ಣೆ ಇರ್ತಿತ್ತು, ಎತ್ಲಾಗೆ ಓಡಿದ್ರೂ ಒಂದಿಷ್ಟು ಉಳ್ಕೊಳ್ತಿತ್ತು. ಈಗ ಚಾಲದು ಮೇಡಂ." "ಹಾಗಾದ್ರೆ ಜಾಸ್ತಿ ಹಾಕೋಣ" ಅಂದೆ. "ಜಾಸ್ತಿ ಹಾಕಿದ್ರೆ ಒಳಗೆ ತಿರುಗೋ ಕ್ರ್ಯಾಂಕ್ ಅದನ್ನ ಮಜ್ಜಿಗೆ ಕಡೆದಂಗೆ ಕಡೆದು ನೊರೆ ಮಾಡ್ಬಿಡುತ್ತೆ." "ಮತ್ತೇನು ಮಾಡ್ಲಿ?" "ಸದ್ಯಕ್ಕೆ ಬಲಕ್ಕೆ ತಿರುಗಬೇಡಿ" ಎಂದು ಹೇಳಿ ಹೊರಟುಹೋದ.

ನಾನು ಆ ಮಾತನ್ನು ಹಾಗೆಯೇ ಪಾಲಿಸಿದೆ. ಬಲಕ್ಕೆ ಹೋಗಬೇಕಾದ ಕಡೆಯಲ್ಲೆಲ್ಲ ಸ್ವಲ್ಪ ಮುಂದೆ ಹೋಗಿ ಎಡ, ಮತ್ತೆ ಎಡ, ಮತ್ತೆ ಎಡ ತಿರುಗಿದರೆ ಮೂತಿ ತಾನಾಗಿ ಬಲಕ್ಕೆ ಬಂದಿರುತ್ತದೆ. ಗಣಿತ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆದರೆ ಊರಿಗೆ ಇದು ಬೇಗ ಗೊತ್ತಾಯಿತು. ತರಕಾರಿ ಅಂಗಡಿಯವನು ನಾನು ಒಮ್ಮೆ ಹಾದುಹೋದಾಗ ಟೊಮೇಟೊ ತೂಗಲು ಶುರು ಮಾಡಿ, ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ ಚೀಲ ಕಟ್ಟಿಟ್ಟಿರುತ್ತಿದ್ದ. ಸ್ಟಾಫ್ ರೂಮಿನಲ್ಲಿ ನಾನು ಬೇಸರದಿಂದ "ಎಷ್ಟು ಎಣ್ಣೆ ಹಾಕಿದ್ರೂ ಸಾಲ್ತಾ ಇಲ್ಲ" ಎಂದದ್ದನ್ನು ಅರ್ಧ ಕೇಳಿಸಿಕೊಂಡ ಹೊಸ ಮೇಷ್ಟ್ರೊಬ್ಬರು, ನಮ್ಮ ಯಜಮಾನರಿಗೆ ಕುಡಿತ ಅಂಟಿದೆ ಎಂದುಕೊಂಡು, ಯಾವುದೋ ಆಶ್ರಮದ ಔಷಧಿ ಒಳ್ಳೆಯದೆಂದು ಪಿಸುಗುಟ್ಟಿದರು. ಎಲ್ಲಕ್ಕಿಂತ ನೊಂದುಕೊಂಡವರು ನಮ್ಮ ಬೀದಿಯ ದೇವಸ್ಥಾನದ ಅರ್ಚಕರು. ನನ್ನ ಎಡ ಎಡ ಎಡದ ಸುತ್ತಿನ ಒಳಗೆ ಬರುವುದು ಅವರ ದೇವಸ್ಥಾನವೇ. ಒಂದು ದಿನ ಕಾರಿಗೆ ಅಡ್ಡ ನಿಂತು, "ಏನಮ್ಮ ಶಾರದಾ, ಲೋಕವೆಲ್ಲ ದೇವರನ್ನ ಬಲಕ್ಕೆ ಇಟ್ಕೊಂಡು ಪ್ರದಕ್ಷಿಣೆ ಹಾಕುತ್ತೆ. ನೀನು ದಿನಾ ಬೆಳಗ್ಗೆ ಎಡಕ್ಕೆ ಇಟ್ಕೊಂಡು ಅಪ್ರದಕ್ಷಿಣೆ ಹಾಕ್ತಿದ್ದೀಯಲ್ಲ! ಹೊಗೆ ಬೇರೆ ಬಿಟ್ಕೊಂಡು!" ಅಂದರು. ಆಯಿಲ್ ಚೇಂಬರು ಗಿಡ್ಡವಾದ ಕಾರಣವನ್ನು ಅವರಿಗೆ ವಿವರಿಸಿದೆ. ಅವರು ಅಷ್ಟನ್ನೂ ಕೇಳಿ, "ದೇವರಿಗೆ ಇದೆಲ್ಲ ಹೇಗಮ್ಮ ಹೇಳೋದು" ಎಂದು ನಿಟ್ಟುಸಿರು ಬಿಟ್ಟರು.

ಹೀಗೆ ನಡೆದುಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಯಜಮಾನರ ಅಕ್ಕನ ಮಗಳು ಸಹನಾಳ ಮದುವೆ ಗೊತ್ತಾಯಿತು. ಹುಡುಗಿಯ ಮನೆ ಗೌನಿಪಲ್ಲಿಯಲ್ಲಿ, ಛತ್ರ ಶ್ರೀನಿವಾಸಪುರದಲ್ಲಿ. ಸಹನಾ ಫೋನ್ ಮಾಡಿ, "ಶಾರದತ್ತೆ, ನಾನು ಛತ್ರಕ್ಕೆ ನಿಮ್ಮ ಅಂಬಾಸಿಡರ್‌ನಲ್ಲೇ ಬರೋದು. ನೀವೇ ಓಡಿಸ್ಬೇಕು" ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪನ ಕಾರಿನಲ್ಲಿ ಮದುಮಗಳು! ಯಜಮಾನರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ತೀರ್ಪು ಬರುತ್ತದೆ ಎಂದರ್ಥ. "ನೋಡು, ಮದುವೆ ಹುಡುಗಿನ ಕೂರಿಸ್ಕೊಂಡು ಈ ಗಾಡಿ ದಾರೀಲಿ ನಿಂತ್ರೆ ನಮ್ಮಕ್ಕನ ಮುಂದೆ ನಾನು ತಲೆ ಎತ್ತೋ ಹಾಗಿಲ್ಲ. ಸರಿಯಾಗಿ ಹೋಗಿ ಬಂತು ಅಂದ್ರೆ ನಿನ್ನ ಕಾರು ನಿನಗಿರಲಿ, ನಾನು ಇನ್ಯಾವತ್ತೂ ಒಂದು ಮಾತಾಡಲ್ಲ. ನಿಂತೋಯ್ತು ಅಂದ್ರೆ ಮಾರನೇ ದಿನವೇ ಗುಜರಿಗೆ." ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಗೌನಿಪಲ್ಲಿ ರಸ್ತೆ ಜ್ಞಾಪಕಕ್ಕೆ ಬಂತು. ಆ ದಾರಿಯಲ್ಲಿ ಮಾವಿನ ತೋಪುಗಳ ನಡುವೆ ಇರುವುದೆಲ್ಲ ತಿರುವೇ, ಅದರಲ್ಲಿ ಅರ್ಧ ಬಲಕ್ಕೆ. ಅಲ್ಲಿ ಎಡ ಎಡ ಎಡ ಎಂದು ಸುತ್ತಲು ಹೋದರೆ ಯಾರದೋ ಬಾವಿಗೆ ಇಳಿಯಬೇಕು.

ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ ಎಂದು ಬರೆಯುವುದು ಚೆನ್ನಾಗಿರುತ್ತದೆ, ಆದರೆ ಅತ್ತೆ ಇರುವ ಮನೆಯಲ್ಲಿ ಅದು ಸಾಧ್ಯವಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಉಳಿದ ಸಾರನ್ನು ಫ್ರಿಜ್ಜಿನಲ್ಲಿ ಇಡಲು ಹೋದೆ. ಪಾತ್ರೆ ಎತ್ತರವಾಗಿತ್ತು, ಮೇಲಿನ ತಟ್ಟೆಗೆ ತಾಗಿತು. ಸಾರನ್ನು ಅಗಲವಾದ ಬೋಗುಣಿಗೆ ಸುರಿದೆ. ಒಳಗೆ ಹೋಯಿತು, ಒಂದು ಹನಿಯೂ ಮಿಗಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದೇ ಬಿಟ್ಟು ಚಲಪತಿಗೆ ಫೋನ್ ಮಾಡಿದೆ. "ಏನಪ್ಪಾ ಚಲಪತಿ, ಆಳ ಸಿಗದಿದ್ರೆ ಬೇಡ, ಅಗಲ ಮಾಡೋಣ. ತೊಲೆಯ ಹಿಂದೆ ಎರಡೂ ಪಕ್ಕ ಜಾಗ ಇದೆಯಲ್ಲ?" ಅವನು, "ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ ಮೇಡಂ" ಅಂದ. ಮನೆಯ ಅಂಗಳಕ್ಕೇ ಬಂದು ಚೇಂಬರು ಬಿಚ್ಚಿ, ಅದರ ಎರಡೂ ಪಕ್ಕಕ್ಕೆ ತಗಡಿನ ಡಬ್ಬಿಗಳನ್ನು ಬೆಸೆದ. ಅವಕ್ಕೆ ಅವನು 'ಕಿವಿ' ಎಂದು ಹೆಸರಿಟ್ಟ. ಎಣ್ಣೆ ಒಂದೇ ಕಡೆಗೆ ಓಡದಂತೆ ಒಳಗೆ ಅಡ್ಡ ತಗಡುಗಳನ್ನೂ ಕೂರಿಸಿದ. ಅದು ಅವನದೇ ಬುದ್ಧಿ, ಅದಕ್ಕೆ ಪ್ರತ್ಯೇಕ ಭಾಷಣವೂ ಆಯಿತು. ಎಣ್ಣೆ ಎಷ್ಟಿದೆ ಎಂದು ನೋಡುವ ಕಡ್ಡಿಯ ಮೇಲೆ ಅರದಿಂದ ಹೊಸ ಗೀರು ಹಾಕಿ ನನ್ನ ಕೈಗೆ ಕೊಟ್ಟ. "ಸರಿಯಾಗಿ ಇಲ್ಲೀವರೆಗೆ ಬರ್ಬೇಕು. ಇಳಿದ್ರೂ ಕಷ್ಟ, ಏರಿದ್ರೂ ಕಷ್ಟ."

ಎಣ್ಣೆ ತುಂಬಿಸಿದ್ದು ಹೊರಡುವ ದಿನ ಬೆಳಗ್ಗೆ. ಮದುವೆಗೆಂದು ನನ್ನ ತಂಗಿ ಮತ್ತು ಅವಳ ಗಂಡ ಬಸವರಾಜ ಹುಬ್ಬಳ್ಳಿಯಿಂದ ಬಂದಿದ್ದರು. ಬಸವರಾಜ ಉಪಕಾರಿ. ಯಾರಾದರೂ ಏನಾದರೂ ಎತ್ತುತ್ತಿದ್ದರೆ ಓಡಿಬಂದು ತಾನೂ ಒಂದು ಕೈ ಹಾಕುತ್ತಾನೆ. "ನಾ ಏನ್ ಮಾಡ್ಲಿ ಅಕ್ಕಾರ?" ಎಂದು ಕೇಳಿದ. ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಹೇಳಿದಾಗ ಸ್ಟಾರ್ಟ್ ಮಾಡಿ, ದೀಪ ಆರುತ್ತಾ ನೋಡಿ" ಅಂದೆ. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿ ಬಂದು, ಕೈ ಕೊಳೆಯಾಗದ ಕೆಲಸ ಕೊಡು ಎಂದು ಆಲಿಕೆ ಹಿಡಿದು ನಿಂತರು. ಎಣ್ಣೆ ಸುರಿಯಲು ಅತ್ತೆಯೇ ಮುಂದೆ ಬಂದರು. ತುಂಬಿದ ಡಬ್ಬದಿಂದ ಸಣ್ಣ ಬಾಯಿಯ ಶೀಶೆಗೆ ಕಡಲೆಕಾಯಿ ಎಣ್ಣೆ ಇಳಿಸುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಬೀದಿಯಲ್ಲಿ ಇಲ್ಲ. ಚಲಪತಿ ಪಕ್ಕದಲ್ಲಿ ಕೈ ಕಟ್ಟಿ ನಿಂತ. ನಾನು ಕಡ್ಡಿ ಅದ್ದುತ್ತಾ, ಒರೆಸುತ್ತಾ, ಮತ್ತೆ ಅದ್ದುತ್ತಾ ಗೀರನ್ನೇ ನೋಡುತ್ತಿದ್ದೆ. ಎಣ್ಣೆ ಏರುತ್ತಾ ಬಂದು ಸರಿಯಾಗಿ ಗೀರು ಮುಟ್ಟಿತು.

"ಸಾಕು ಅತ್ತೆ" ಅಂದೆ.

ಅತ್ತೆ ಸುರಿಯುತ್ತಲೇ ಇದ್ದರು.

"ಅತ್ತೆ, ಸಾಕು!"

"ಇಂಕಾ ಕೊಂಚೆಂ ಹಾಕ್ತೀನಿ ಇರೇ, ದೂರ ಹೋಗೋ ಗಾಡಿ. ಪಾಪ, ದಾರೀಲಿ ಏನ್ ಸಿಗುತ್ತೆ ಅದಕ್ಕೆ?"

ಎಣ್ಣೆ ಗೀರು ದಾಟಿತ್ತು. ಆಗ ಮನೆಯ ನಿಯಮ ನೆನಪಾಗಿ, ಇದ್ದಷ್ಟೂ ಗಂಟಲು ತೆಗೆದು, "ಚಾಲು! ಚಾಲು! ಚಾಲು!" ಎಂದು ಕೂಗಿದೆ.

ಅತ್ತೆ ತಕ್ಷಣ ನಿಲ್ಲಿಸಿದರು. ಬಸವರಾಜ ತಕ್ಷಣ ಕೀಲಿ ತಿರುಗಿಸಿದ. ಹುಬ್ಬಳ್ಳಿಯಲ್ಲಿ 'ಚಾಲೂ' ಎಂದರೆ ಏನು ಎಂಬುದು ನಿಮಗೆ ಗೊತ್ತು. ನನಗೂ ಗೊತ್ತಿತ್ತು, ಆ ಕ್ಷಣದಲ್ಲಿ ಹೊಳೆಯಲಿಲ್ಲ. ಆನೆ ಘೀಳಿಟ್ಟಿತು. ತೆರೆದ ಬಾಯಿಯಿಂದ ಎಣ್ಣೆ ಚಿಮ್ಮಿ, ಆಲಿಕೆ ಹಾರಿ, ಯಜಮಾನರ ಬಿಳಿ ಶರ್ಟು, ಬಿಳಿ ಪಂಚೆ, ಕನ್ನಡಕ, ಮೀಸೆ ಎಲ್ಲವೂ ಎಣ್ಣೆಮಯವಾಯಿತು. ಚಲಪತಿ ಕೈ ಬೀಸಿ ನಿಲ್ಲಿಸು ಎಂದು ಕುಣಿದ. ಬಸವರಾಜ ಎಂಜಿನ್ ಆರಿಸಿ ಕಿಟಕಿಯಿಂದ ತಲೆ ಹಾಕಿ, "ನೀವಽ ಚಾಲೂ ಚಾಲೂ ಅಂತ ಒದರಿದ್ರಲ್ರೀ ಅಕ್ಕಾರ, ಅದಕ್ಕ ಚಾಲೂ ಮಾಡೇನಿ!" ಅಂದ. ಯಜಮಾನರು ಕನ್ನಡಕ ತೆಗೆದರು. ಒರೆಸಲು ಒಣಗಿದ ಬಟ್ಟೆ ಮೈಮೇಲೆ ಎಲ್ಲೂ ಇಲ್ಲದ್ದರಿಂದ ತೀರ್ಪು ಬರಲಿಲ್ಲ. ಅತ್ತೆ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹುಡುಗಿಗಿಂತ ಮುಂಚೆ ಸೋದರಮಾವನಿಗೇ ಎಣ್ಣೆಶಾಸ್ತ್ರ ಆಗೋಯ್ತಲ್ಲೋ ನಾಯನಾ!" ಎಂದು ನಗಲು ಶುರು ಮಾಡಿದರು. ಅವರ ನಗೆ ನೋಡಿ ನನಗೆ ತಡೆಯಲಾಗಲಿಲ್ಲ, ಚಲಪತಿಗೂ ತಡೆಯಲಾಗಲಿಲ್ಲ, ಕೊನೆಗೆ ಎಣ್ಣೆ ತೊಟ್ಟಿಕ್ಕುತ್ತಿದ್ದ ಆ ಮೀಸೆಯೂ ನಕ್ಕಿತು. ಎಲ್ಲ ಒರೆಸಿ, ಎಣ್ಣೆ ಇಳಿಯಲು ಬಿಟ್ಟು, ಮತ್ತೆ ಕಡ್ಡಿ ಅದ್ದಿ ನೋಡಿದೆ. ಎಣ್ಣೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಗೀರಿನ ಮೇಲೆ ನಿಂತಿತ್ತು. "ಚೂಡು, ನಾನು ಹೆಚ್ಚಿಗೆ ಹಾಕಿದ್ದು ಇದಕ್ಕೇ" ಎಂದು ಅತ್ತೆ ಕೈ ತೊಳೆಯಲು ಹೋದರು.

ಗೌನಿಪಲ್ಲಿಯ ದಾರಿಯಲ್ಲಿ ಮೊದಲ ಬಲತಿರುವು ಬಂತು. ಮುಂದೆ ನನ್ನ ಪಕ್ಕ ಅತ್ತೆ, ಹಿಂದೆ ಬೇರೆ ಪಂಚೆ ಉಟ್ಟ ಯಜಮಾನರು, ತಂಗಿ, ಬಸವರಾಜ. ಯಜಮಾನರು ನನ್ನ ಭುಜದ ಮೇಲಿನಿಂದ ಬಗ್ಗಿ ಕೆಂಪು ದೀಪದ ಮೇಲೇ ಕಣ್ಣಿಟ್ಟಿದ್ದರು. ತಿರುಗಿಸಿದೆ. ದೀಪ ಹತ್ತಲಿಲ್ಲ. ಮುಂದಿನ ತಿರುವಿನಲ್ಲೂ ಹತ್ತಲಿಲ್ಲ. ನನಗೆ ಕೂಗಬೇಕೆನಿಸಿತು, ಹಾಡಬೇಕೆನಿಸಿತು. ಹಾಡಿದರೆ ಬಸವರಾಜ ಏನು ಮಾಡುತ್ತಾನೋ ಎಂದು ಸುಮ್ಮನಾದೆ. ಗೌನಿಪಲ್ಲಿಯಲ್ಲಿ ತಂಗಿಯನ್ನೂ ಬಸವರಾಜನನ್ನೂ ನೆಂಟರ ವ್ಯಾನಿಗೆ ಹತ್ತಿಸಿ, ಸಹನಾಳನ್ನು ಹೂವಿನ ಜಡೆ ಸಮೇತ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೆವು. ಅವಳು ಸೀಟು ಸವರಿ, "ಶಾರದತ್ತೆ, ಏನೋ ಒಂಥರಾ ವಾಸನೆ, ಆದ್ರೆ ಚೆನ್ನಾಗಿದೆ" ಅಂದಳು. ಆ ಒಂದು ಮಾತಿಗೆ ಅವಳಿಗೆ ಕಾರನ್ನೇ ಉಡುಗೊರೆ ಕೊಟ್ಟುಬಿಡುತ್ತಿದ್ದೆನೇನೋ, ಕಷ್ಟಪಟ್ಟು ತಡೆದುಕೊಂಡೆ.

ಶ್ರೀನಿವಾಸಪುರದಲ್ಲಿ ಛತ್ರದ ಮುಂದೆ ವಾಲಗದವರು, ಆರತಿ ತಟ್ಟೆ ಹಿಡಿದ ಹೆಂಗಸರು, ನೆಂಟರು ಎಲ್ಲ ಕಾದಿದ್ದರು. ಛತ್ರದ ಗೇಟು ರಸ್ತೆಯ ಬಲಗಡೆ, ಅದರ ಎದುರು ಎಡಗಡೆಗೆ ಒಂದು ದೇವಸ್ಥಾನ. ಕಾರು ಕಂಡೊಡನೆ ವಾಲಗ ಜೋರಾಯಿತು. ನಾನು ಗಂಭೀರವಾಗಿ ಬಂದೆ, ಗೇಟಿನ ಹತ್ತಿರ ವೇಗ ಕಡಿಮೆ ಮಾಡಿದೆ, ಆಮೇಲೆ ಗೇಟು ದಾಟಿ ಮುಂದಕ್ಕೆ ಹೋಗಿಬಿಟ್ಟೆ. ಕೈಗಳು ತಾವಾಗಿಯೇ ಎಡಕ್ಕೆ ತಿರುಗಿಸಿದವು. ಮತ್ತೆ ಎಡಕ್ಕೆ. ಹಿಂದೆ ವಾಲಗ ಗೊಂದಲದಲ್ಲಿ ನಿಂತದ್ದು ಕೇಳಿಸಿತು. "ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀಯೇ ಹುಡುಗೀನ?" ಎಂದು ಯಜಮಾನರು ಕೂಗುವಷ್ಟರಲ್ಲಿ ಮೂರನೆಯ ಎಡವೂ ಮುಗಿದು, ಕಾರು ದೇವಸ್ಥಾನದ ಪಕ್ಕದ ಬೀದಿಯಿಂದ ಹೊರಬಂದು ನೇರವಾಗಿ ಗೇಟಿನ ಎದುರು ನಿಂತಿತು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೆ ಅತ್ತೆ ಗಾಬರಿಯಾದದ್ದು ಬೇರೆ ಕಾರಣಕ್ಕೆ. "ಅಯ್ಯೋ ದೇವುಡಾ! ಮದುಮಗಳನ್ನ ಅಪ್ರದಕ್ಷಿಣೆ ಹಾಕಿಸಿಬಿಟ್ಟೆಯಲ್ಲೇ! ತಿರುಗಿಸು, ತಿರುಗಿಸು. ದೇವರನ್ನ ಬಲಕ್ಕೆ ಇಟ್ಕೊಂಡು ಬಂದು ಆಮೇಲೆ ಒಳಗೆ ಹೋಗೋಣ." ಬಲಕ್ಕೆ ಎಂದರೆ ಬಲ, ಬಲ, ಬಲ. ಒಂದರ ಹಿಂದೊಂದು, ಕಿರಿದಾದ ಬೀದಿಯಲ್ಲಿ, ಮದುವೆಮನೆಯವರೆಲ್ಲ ನೋಡುತ್ತಿರುವಾಗ. ಚೇಂಬರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯನ್ನು ಚಲಪತಿಯೂ ಇಡುತ್ತಿರಲಿಲ್ಲ.

ತಿರುಗಿಸಿದೆ. ವಾಲಗದವರು ಇದೂ ಶಾಸ್ತ್ರವೇ ಇರಬೇಕೆಂದುಕೊಂಡು ಕಾರಿನ ಹಿಂದೆ ಊದುತ್ತಾ ಬಂದರು, ಅವರ ಹಿಂದೆ ನೆಂಟರು. ಮೊದಲ ಬಲ. ದೀಪ ಇಲ್ಲ. ಎರಡನೆಯ ಬಲ. ದೀಪ ಇಲ್ಲ. ಮೂರನೆಯದಕ್ಕೆ ಯಜಮಾನರಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎರಡೂ ಕೈ ಎತ್ತಿ, "ದೀಪ ಇಲ್ಲ! ದೀಪ ಇಲ್ಲ!" ಎಂದು ಕುಣಿದರು. ಗೇಟಿನಲ್ಲಿ ಆರತಿ ಹಿಡಿದು ನಿಂತಿದ್ದ ಅವರ ಅಕ್ಕ ಗಾಬರಿಯಾಗಿ ತಟ್ಟೆ ನೋಡಿಕೊಂಡು, "ಇದೆಯಲ್ಲೋ, ಈಗ ತಾನೇ ಹಚ್ಚಿದೀನಿ!" ಅಂದರು. ಒಂದು ಕಾಲಕ್ಕೆ ಗೂಡಿನ ಮೂಟೆ ಹೊತ್ತ ನನ್ನ ಕಾರು, ಗೊರ್ ಎನ್ನುತ್ತಾ ಒಳಗೆ ಹೋಗಿ ಚಪ್ಪರದ ಕೆಳಗೆ ನಿಂತಿತು. ಯಜಮಾನರು ಇದೇ ಮೊದಲ ಸಲ ಸರಿಯಾದ ಹಿಡಿ ತಿರುಗಿಸಿ ಇಳಿದು, ನನ್ನ ಕಡೆಯ ಬಾಗಿಲು ತೆರೆದು ನನ್ನನ್ನು ಇಳಿಸಿಕೊಂಡು, "ಕಾರು ಇರಲಿ. ಗುಜರಿಗೆ ಹಾಕೋದಾದ್ರೆ ಡ್ರೈವರನ್ನ ಹಾಕ್ಬೇಕು" ಅಂದರು.

ಮಾರನೆಯ ದಿನ ಮದುವೆ ಊಟದಲ್ಲಿ ನಮ್ಮ ಸಾಲಿಗೆ ಅತ್ತೆ ತಾವೇ ಒಬ್ಬಟ್ಟು ಬಡಿಸಿದರು. "ಸಾಕು" ಅಂದೆ. ಬಿತ್ತು. "ಸಾಕು ಅತ್ತೆ" ಅಂದೆ. ಮೇಲೆ ತುಪ್ಪವೂ ಬಿತ್ತು. ಸರಿಯಾದ ಪದ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಪಕ್ಕದ ಎಲೆಗೆ ಬಸವರಾಜ ಕೂತಿದ್ದ, ಸುಮ್ಮನೆ ಯಾಕೆ ಎಂದು ಹೇಳಲಿಲ್ಲ. ಊರಿಗೆ ಬಂದ ಮೇಲೆ, ಒಂದೇ ವಾರದ ಅಂತರದಲ್ಲಿ ಬಂದ ಇನ್ನೊಂದು ಆರತಕ್ಷತೆಗೆ ಸಹನಾಳ ಮದುವೆಗೆ ಹಾಕಿದ್ದ ರೇಷ್ಮೆ ರವಿಕೆಯನ್ನೇ ಹಾಕಿಕೊಳ್ಳಲು ಹೋದರೆ ಕೊಕ್ಕೆಗಳು ಒಂದನ್ನೊಂದು ಮುಟ್ಟಲಿಲ್ಲ. ಕಾರು ತೆಗೆದು, ಗೇಟಿನಿಂದಲೇ ಧೈರ್ಯವಾಗಿ ಬಲಕ್ಕೆ ತಿರುಗಿ, ಟೈಲರ್ ಅಂಗಡಿಗೆ ಹೋದೆ. ಅವನು ಟೇಪು ಸುತ್ತಿ, ಸಂಕೋಚದಿಂದ ಒಂದು ಸಲ ಕೆಮ್ಮಿ, "ಉದ್ದ ಸರಿಯಾಗಿದೆ ಮೇಡಂ. ಎರಡೂ ಪಕ್ಕ ಒಂಚೂರು ಬಟ್ಟೆ ಕೊಟ್ಟು ಅಗಲ ಮಾಡ್ಬೇಕು, ಅಷ್ಟೇ" ಅಂದ.

"ಮಾಡಪ್ಪ" ಅಂದೆ. "ಅದಕ್ಕೆ ಕಿವಿ ಅಂತಾರೆ."